ಸೋಮವಾರವೇ ಹಾಕಿದ ಆರು ಸಹಿ

ಅಜ್ಜಿ ತೀರಿಕೊಂಡದ್ದು ಬುಧವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ, ಹೊಳೆನರಸೀಪುರದ ಆಸ್ಪತ್ರೆಯಲ್ಲಿ. ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಅಲ್ಲಿನ ಗೋಡೆ ಗಡಿಯಾರ ಐದು ನಿಮಿಷ ಮುಂದಿತ್ತು. ಅದನ್ನು ಕಳೆದೇ ದಿನಚರಿಯಲ್ಲಿ ಹೊತ್ತು ಬರೆದುಕೊಂಡಿದ್ದೇನೆ. ಅದೇ ಬುಧವಾರ ಮೂರರಿಂದ ಐದರವರೆಗೆ ನಾನು ಹಾಸನದಲ್ಲಿ, ಕ್ಯಾಂಪಸ್ಸಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಹಾಜರಿ ಪುಸ್ತಕ ಹೇಳುತ್ತದೆ. ಅಲ್ಲಿರುವ ಸಹಿ ನನ್ನದೇ. ಯಾರೂ ನಕಲು ಮಾಡಿದ್ದಲ್ಲ.

ಇದು ಎಂ.ಎ. ಎರಡನೇ ಸೆಮಿಸ್ಟರು. ಗ್ರಂಥಾಲಯಕ್ಕೆ ಆರು ಜನ ವಿದ್ಯಾರ್ಥಿಗಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಓದುಗರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ತಳ್ಳುಗಾಡಿಗೆ ತುಂಬಿಕೊಂಡು ಅದರದರ ಕಪಾಟಿಗೆ ಸೇರಿಸುವುದು ನಮ್ಮ ಕೆಲಸ. ಅದಕ್ಕೆ ಪ್ರತಿಯಾಗಿ ಹಾಸ್ಟೆಲಿನಲ್ಲಿ ಮಂಚ ಮತ್ತು ಊಟ. ನನಗೆ ಅದು ಬೇಕೇಬೇಕಿತ್ತು. ಮೊದಲ ಸೆಮಿಸ್ಟರಿನಲ್ಲಿ ಹೊಳೆನರಸೀಪುರದ ಅಜ್ಜಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಎರಡು ವಿಷಯ ಪಾಸಾಗದೆ ಉಳಿಸಿಕೊಂಡಿದ್ದೆ. ದಿನಕ್ಕೆ ಮೂರು ಗಂಟೆ ದಾರಿಯಲ್ಲೇ ಹೋಗುತ್ತಿತ್ತು. ಇನ್ನೊಂದು ಸಲ ಹಾಗಾದರೆ ಓದು ನಿಲ್ಲಿಸಿ ಕೊಣನೂರಿಗೆ, ಮನೆಗೆ ಬಂದುಬಿಡು ಎಂದು ಅಪ್ಪ ಹೇಳಿದ್ದರು.

ಕೆಲಸದ ನಿಯಮಗಳ ಹಾಳೆಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದರು. ಒಟ್ಟು ಒಂಬತ್ತು. ಮೊದಲ ದಿನವೇ ಬರೆದುಕೊಂಡೆ. ನಾಲ್ಕನೆಯದು: ಅನುಮತಿ ಇಲ್ಲದೆ ಒಂದು ಸೆಮಿಸ್ಟರಿನಲ್ಲಿ ಮೂರು ದಿನ ಗೈರಾದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ. ಏಳನೆಯದು: ಮನೆಯಲ್ಲಿ ಸಾವಾದರೆ ಐದು ದಿನ ರಜೆ, ಬಿಡಿಬಿಡಿಯಾಗಿಯೂ ತೆಗೆದುಕೊಳ್ಳಬಹುದು; ಅರ್ಜಿಯಲ್ಲಿ ತೀರಿಕೊಂಡ ದಿನ ಬರೆಯಬೇಕು.

ಹಾಳೆಯಲ್ಲಿ ಇಲ್ಲದ ಪದ್ಧತಿ ಒಂದಿತ್ತು. ನಮ್ಮ ಸೂಪರಿಂಟೆಂಡೆಂಟರು ಚನ್ನರಾಯಪಟ್ಟಣದಿಂದ ಬಂದುಹೋಗುತ್ತಿದ್ದರು. ಅವರಿಗೆ ಪರೀಕ್ಷಾ ವಿಭಾಗದ ಹೊಣೆಯೂ ಇದ್ದುದರಿಂದ ಗ್ರಂಥಾಲಯದ ಕಡೆ ಬರುತ್ತಿದ್ದದ್ದು ಸೋಮವಾರ ಮಾತ್ರ. ಹಾಜರಿ ಪುಸ್ತಕ ಬೀರುವಿನಲ್ಲಿ, ಬೀರುವಿನ ಕೀಲಿ ಅವರ ಜೇಬಿನಲ್ಲಿ. ಹಾಗಾಗಿ ಸೋಮವಾರವೇ ನಾವು ಶನಿವಾರದವರೆಗಿನ ಆರೂ ಮನೆಗಳಿಗೆ ಸಹಿ ಹಾಕಿಬಿಡುತ್ತಿದ್ದೆವು. ನಮಗಿಂತ ಮುಂಚಿನವರೂ ಹಾಗೇ ಮಾಡುತ್ತಿದ್ದರಂತೆ.

ಈ ಸೆಮಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಆಗಲೇ ಎರಡು ಗೈರು ಇದ್ದವು. ಜ್ವರ. ಅದು ಸೋಮವಾರ ಬಂತು, ಸಹಿ ಹಾಕಿರಲಿಲ್ಲ. ಮುಂದಿನ ವಾರ ಸೂಪರಿಂಟೆಂಡೆಂಟರು ಸೋಮವಾರದ್ದು ಕೇಳಿದಾಗ ಮಂಗಳವಾರವೂ ಬಂದಿರಲಿಲ್ಲ ಎಂದು ನಾನೇ ಹೇಳಿ, ಉಳಿದ ನಾಲ್ಕು ಮನೆಗಳಿಗೆ ಮಾತ್ರ ಸಹಿ ಹಾಕಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ರೂಮಿನ ಗೆಳತಿ, ಮಲ್ಲಿಪಟ್ಟಣದ ಕಡೆಯವಳು, ಹಣೆ ಚಚ್ಚಿಕೊಂಡಿದ್ದಳು. ‘ಕೇಳಿದ್ದು ಒಂದು, ಯೋಳಿದ್ದು ಎರಡು. ನಿಂಗೇನ್ ಬಹುಮಾನ ಕೊಡ್ತಾರಾ?’

ನಾನು ಐದನೇ ತರಗತಿಯಿಂದ ಬೆಳೆದದ್ದು ಅಜ್ಜಿಯ ಮನೆಯಲ್ಲಿ. ಅಮ್ಮನ ತಾಯಿ. ಹಾಸ್ಟೆಲಿಗೆ ಬಂದ ಮೇಲೆ ದಿನಾ ರಾತ್ರಿ ಎಂಟು ಗಂಟೆಗೆ ಮಾವನ ಫೋನಿನಿಂದ ಮಾತಾಡುತ್ತಿದ್ದಳು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

‘ಇವತ್ತೆಷ್ಟ್ ಎತ್ತಿಟ್ಟೆ?’

‘ನೂರಾ ಹದಿನಾಲ್ಕು.’

‘ಅಷ್ಟೊಂದ ಯಾರವ್ವ ಓದಾರು? ಸುಮ್ಕೆ ತೆಗ್ದು ಮಡಗ್ತಾರೆ ಕಣೆ, ನಿಂಗ್ ಕೆಲ್ಸ ಕೊಡಕೆ.’

ಆ ಉತ್ತರಕ್ಕೆಂದೇ ನಾನು ಪುಸ್ತಕಗಳನ್ನು ಎಣಿಸುತ್ತಿದ್ದೆ. ದಿನಚರಿಯ ಬಲಗಡೆಯ ಅಂಚಿನಲ್ಲಿ ಆ ಸಂಖ್ಯೆ ಇದೆ. ಆ ಬುಧವಾರದ ಅಂಚಿನಲ್ಲಿ ಸೊನ್ನೆ. ಬೆಳಗ್ಗೆ ಏಳಕ್ಕೆ ಮಾವ ಫೋನ್ ಮಾಡಿದರು, ಎಂಟೂ ಕಾಲರ ಬಸ್ಸು ಹಿಡಿದೆ. ಗುರುವಾರ ಮಣ್ಣು ಮಾಡಿದರು. ಶುಕ್ರವಾರ ಹಾಲು ತುಪ್ಪ. ಭಾನುವಾರ ಹಾಸ್ಟೆಲಿಗೆ ವಾಪಸ್ಸು. ನಾಲ್ಕು ಸೊನ್ನೆಗಳು. ಹಾಜರಿ ಪುಸ್ತಕದಲ್ಲಿ ನಾಲ್ಕು ಸಹಿಗಳು. ನನ್ನ ತಳ್ಳುಗಾಡಿಯನ್ನು ಗೆಳತಿಯೇ ತಳ್ಳಿದ್ದಳು.

ಅಷ್ಟೂ ದಿನ ನನಗೆ ಅಳು ಬರಲಿಲ್ಲ. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಕೇಳಿದವರಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದೆ.

ತಿಥಿ ಹನ್ನೊಂದನೇ ದಿನಕ್ಕೆ, ಅಂದರೆ ಮುಂದಿನ ಶನಿವಾರ ಬಂತು. ಸೋಮವಾರ ಮೂರು ಗಂಟೆಗೆ ಏಳನೇ ನಿಯಮದ ಪ್ರಕಾರ ಒಂದು ದಿನದ ರಜೆಗೆ ಅರ್ಜಿ ಕೊಟ್ಟೆ. ಸೂಪರಿಂಟೆಂಡೆಂಟರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಆಮೇಲೆ ಹಾಜರಿ ಪುಸ್ತಕ ತೆಗೆದು ಹಿಂದಿನ ವಾರದ ಹಾಳೆಯ ಮೇಲೆ ಬೆರಳಿಟ್ಟರು.

‘ನೋಡವ್ವ, ಬುಧವಾರ ಸಂಜೆ ಅಜ್ಜಿ ತೀರ್ಕೊಂಡ್ರು ಅಂತ ಬರ್ದಿದೀಯ. ಬುಧವಾರ ಸಂಜೆ ನೀನ್ ಇಲ್ಲೇ ಇದ್ದೆ ಅಂತ ಇದ್ರಲ್ಲಿ ಐತೆ. ಎರಡೂ ಒಂದೇ ಫೈಲಲ್ಲಿ ಓದ್ರೆ ಮೇಲಿನೋರು ಯಾವುದ್ನ ನಂಬ್ತಾರೆ?’

‘ಸಾರ್, ಹಾಗಾದ್ರೆ ಆ ನಾಲ್ಕು ದಿನಾನೂ ರಜೆ ಅಂತ ಮಾಡಿ. ಐದು ದಿನ ಸಿಗುತ್ತಲ್ಲ. ಲೆಕ್ಕ ಸರಿಹೋಗುತ್ತೆ.’

‘ಲೆಕ್ಕ ಸರಿಹೋಯ್ತದೆ, ನಾನ್ ಓಯ್ತೀನಿ. ನಿನ್ ಸಹಿ ಒಡೆದಾಕಿದ್ರೆ ಮಿಕ್ಕ ಐದು ಜನದ್ದೂ ಕೇಳ್ತಾರೆ ಕಣವ್ವ.’ ಅವರು ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ದನಿ ತಗ್ಗಿಸಿದರು. ‘ಅರ್ಜಿ ಯಾಕೆ? ಶನಿವಾರಕ್ಕೂ ಈಗ್ಲೇ ಸಹಿ ಹಾಕ್ಬುಡು. ಓಗಿ ತಿಥಿ ಮುಗಿಸ್ಕೊಂಡ್ ಬಾ. ಯಾರ್ ಬಂದ್ ನೋಡ್ತಾರೆ?’

ಅವರು ಕೆಟ್ಟವರಲ್ಲ. ಆ ಮಾತನ್ನು ಸಹಾಯವೆಂದೇ ಹೇಳಿದರು.

ಹಿಂದೆ ನಿಂತಿದ್ದ ಗೆಳತಿ ಬೆನ್ನಿಗೆ ತಿವಿದಳು. ‘ಹಾಕೇ. ನಮ್ಮಣ್ಣ ಡಿಗ್ರಿ ಮುಗ್ಸೋಷ್ಟ್ರಲ್ಲಿ ನಮ್ಮಜ್ಜೀನ ನಾಕ್ ಸಲ ಸಾಯ್ಸಿದ್ದ. ನಾಕ್ ಸಲಾನೂ ರಜಾ ಸಿಕ್ತು. ಆವಮ್ಮ ಇನ್ನೂ ಊರಲ್ಲಿ ಉಳ್ಳಿಕಾಳ್ ಬಡೀತವ್ಳೆ. ನೀನ್ ನೋಡಿದ್ರೆ ನಿಜವಾಗ್ಲೂ ಸತ್ತೋರ್ಗೆ ರಜಾ ಕೇಳ್ತಿದೀಯ.’

ಸೂಪರಿಂಟೆಂಡೆಂಟರು ನಕ್ಕರು. ನನಗೂ ನಗು ಬಂತು. ಪೆನ್ನು ತೆಗೆದುಕೊಂಡು ಸೋಮವಾರದಿಂದ ಸಹಿ ಹಾಕುತ್ತಾ ಬಂದೆ. ಶುಕ್ರವಾರಕ್ಕೆ ನಿಲ್ಲಿಸಿದೆ. ಪುಸ್ತಕ ಮುಚ್ಚಿ ಕೊಟ್ಟೆ. ಅವರು ತೆರೆದು ನೋಡದೆ ಬೀರುವಿನಲ್ಲಿಟ್ಟರು. ಯಾಕೆ ನಿಲ್ಲಿಸಿದೆ ಎಂದು ದಿನಚರಿಯ ಆ ದಿನದ ಪುಟದಲ್ಲಿ ಬರೆದಿಲ್ಲ. ‘ಐದು ಸಹಿ’ ಎಂದಷ್ಟೇ ಇದೆ.

ಶನಿವಾರ ತಿಥಿ ಆಯಿತು. ಅಜ್ಜಿಗೆ ಇಷ್ಟವಾದ ಒತ್ತು ಶಾವಿಗೆ, ಕಾಯಿಹಾಲು, ಎಲೆ ಅಡಿಕೆ ಎಡೆಗಿಟ್ಟರು. ಅಮ್ಮ ಅತ್ತಳು. ನಾನು ಊಟದ ಎಲೆಗಳನ್ನು ಎಣಿಸಿದೆ: ತೊಂಬತ್ತಾರು.

ಸೋಮವಾರ ಸೂಪರಿಂಟೆಂಡೆಂಟರು ಹಾಜರಿ ಪುಸ್ತಕದಲ್ಲಿ ಶನಿವಾರದ ಖಾಲಿ ಮನೆಯನ್ನು ನೋಡಿ ಪೆನ್ನು ಮುಂದೆ ಹಿಡಿದರು. ‘ಒಂದು ಬಿಟ್ಬುಟ್ಟಿದೀಯಲ್ಲವ್ವ.’

‘ಆವತ್ತು ನಾನು ಬಂದಿರಲಿಲ್ಲ ಸಾರ್.’

‘ಗೊತ್ತು. ಹಾಕು.’

‘ಬೇಡ ಸಾರ್.’

‘ಇದು ಮೂರನೇದು. ನಾಲ್ಕನೇ ನಿಯಮ ಓದಿದೀಯ?’

‘ಓದಿದೀನಿ.’

ಅವರು ಪೆನ್ನನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. ನಾನು ಕೈ ಚಾಚಲಿಲ್ಲ. ಕೊನೆಗೆ ಕೆಂಪು ಶಾಯಿಯ ಪೆನ್ನು ಹುಡುಕಿ ಗೈರು ಎಂದು ಬರೆದರು. ಊರಲ್ಲಿದ್ದ ನನ್ನ ಐದು ದಿನಗಳಲ್ಲಿ ಆ ಪುಸ್ತಕಕ್ಕೆ ಸೇರಿದ್ದು ಅದೊಂದೇ.

ಗುರುವಾರ ಸೂಚನಾ ಫಲಕದಲ್ಲಿ ಮುಂದಿನ ಹುಡುಗಿಯ ಹೆಸರು ಬಂತು. ಶುಕ್ರವಾರ ಮೆಸ್ಸಿನ ಕಾರ್ಡು, ಮಂಚದ ಕೆಳಗಿನ ಪೆಟ್ಟಿಗೆಯ ಕೀಲಿ ಹಿಂದಿರುಗಿಸಿದೆ. ಗೆಳತಿ ನನ್ನ ಹಾಸಿಗೆ ಸುತ್ತಿ ಕೊಡುತ್ತಾ ಬೈಯುತ್ತಲೇ ಇದ್ದಳು. ಬಸ್ಸು ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಂದು ಇನ್ನೊಂದು ಸಲ ಬೈದಳು.

ಈಗ ಮತ್ತೆ ಅಜ್ಜಿಯ ಮನೆಯಿಂದ ಓಡಾಡುತ್ತೇನೆ. ಇವತ್ತಿಗೆ ಇಪ್ಪತ್ತೇಳು ದಿನ. ಸೀಟು ಸಿಕ್ಕ ದಿನ ಬಸ್ಸಿನಲ್ಲೇ ಓದುತ್ತೇನೆ. ಸಿಕ್ಕಿದ್ದು ಹನ್ನೊಂದು ದಿನ. ಮೊದಲ ಸೆಮಿಸ್ಟರಿನಲ್ಲಿ ಉಳಿದ ಎರಡು ವಿಷಯಗಳ ಪರೀಕ್ಷೆ ಮುಂದಿನ ತಿಂಗಳು. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಅಪ್ಪ ಏನೂ ಕೇಳಿಲ್ಲ.

ನಿನ್ನೆ ಎಂಟು ಗಂಟೆಗೆ ಗೆಳತಿ ಫೋನ್ ಮಾಡಿದಳು. ಹೊಸ ಹುಡುಗಿ ಭೂಗೋಳದ ಪುಸ್ತಕಗಳನ್ನೆಲ್ಲ ಇತಿಹಾಸದ ಕಪಾಟಿಗೆ ಸೇರಿಸಿದ್ದಾಳಂತೆ, ಎಲ್ಲವನ್ನೂ ಇವಳೇ ಹುಡುಕಿ ತೆಗೆದಳಂತೆ. ಮಾವ ಟಿವಿ ನೋಡುತ್ತಿದ್ದರು. ನಾನು ಅಜ್ಜಿ ಕೂರುತ್ತಿದ್ದ ಕಡೆ, ಬಾಗಿಲ ಪಕ್ಕದಲ್ಲಿ ಕೂತಿದ್ದೆ.

‘ಇವತ್ತೆಷ್ಟು ಎತ್ತಿಟ್ಟೆ?’ ಎಂದು ಕೇಳಿದೆ.

‘ನಾನೇನ್ ನಿನ್ನಂಗೆ ಎಣಿಸ್ತೀನಾ? ಒಂದು ನೂರೈವತ್ತು ಅಂತ ಬರ್ಕೊ.’

ಬರೆದುಕೊಂಡೆ. ಪಕ್ಕದಲ್ಲಿ, ಅಂದಾಜು ಎಂದು ಸೇರಿಸಿದೆ.