ಚೌಡಮ್ಮನ ಕಟ್ಟೆಯ ಜಲ್ಲಿ

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಮಾವಿನಕಾಯಿಗಿಂತ ಮೊದಲು ಹಳಿಯ ಮಾತು ಬರುತ್ತಿತ್ತು. ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್. ಹಳಿಯುದ್ದಕ್ಕೂ ನಡೆದು ನೋಡಿಕೊಳ್ಳುವ ಕೆಲಸ. ನಮ್ಮೂರು ತ್ಯಾವಣಿಗೆ ಬಿಟ್ಟು ಲೈನಿನ ಪಕ್ಕದ ಕ್ವಾಟ್ರಸ್ಸಿಗೆ ಬಂದಿದ್ದೆವು. ಬೇವಿನ ಹೂವಿನ ಘಮ, ಕಾದ ಕಬ್ಬಿಣದ ವಾಸನೆ ಎರಡೂ ಒಂದೇ ಗಾಳಿಯಲ್ಲಿ. ಮಕ್ಕಳು ನಾವು ಮಂಡಕ್ಕಿ ಮುಕ್ಕುತ್ತಾ ನೆರಳಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ, ಅಪ್ಪ ಒದ್ದೆ ಟವೆಲ್ಲು ತಲೆಗೆ ಸುತ್ತಿ ಸುಡುಬಿಸಿಲಿಗೇ ಹೊರಡುತ್ತಿದ್ದ.

ಆ ವರ್ಷ ಕ್ವಾಟ್ರಸ್ಸಿನ ಹತ್ತಿರದ ತಿರುವಿನಲ್ಲಿ ಹಳಿ ಮಗ್ಗುಲಿನ ಜಲ್ಲಿ ದಿನದಿನಕ್ಕೆ ಕಮ್ಮಿಯಾಗತೊಡಗಿತು.

"ಬಿಸಿಲಿಗೆ ಹಳಿ ಹಿಗ್ಗತೈತೆ ಕಣೆ," ಅಂದ ಅಪ್ಪ ಅಮ್ಮನಿಗೆ. "ಜಲ್ಲಿ ಒತ್ತಿ ಹಿಡಿದಿರೋದಕ್ಕೆ ನೆಟ್ಟಗೈತೆ. ಇಲ್ದಿದ್ರೆ ಹಾವಿನಂಗೆ ಹೊರಳಿ ಗಾಡಿ ಕೆಡವತೈತೆ. ಮೇಸ್ತ್ರಿ ನನ್ನನ್ನೇ ಕೇಳ್ತಾನೆ, ಯಾರಿಗೆ ಮಾರಿದೆ ಅಂತ. ಕೆಲಸ ಹೋಗತೈತೆ."

ಅಮ್ಮನ ಕಣ್ಣು ಪಕ್ಕದ ಮನೆಯ ಗಂಗಕ್ಕನ ಮೇಲೆ ಬಿತ್ತು. ಜಗಳೂರು ಕಡೆಯ ಗಂಗಕ್ಕ ಆಗಷ್ಟೇ ಬಚ್ಚಲಿಗೆ ಸಣ್ಣ ಕಲ್ಲು ಹಾಸಿಸಿದ್ದಳು. ನನಗೆ ಅವಳ ಮಗಳ ಜೊತೆ ಆಟ ಬಂದ್. ನಾನೂ ಆ ಹುಡುಗಿಯ ಲಂಗದ ಮಡಿಕೆಯನ್ನೇ ದಿಟ್ಟಿಸುತ್ತಿದ್ದೆ, ಕಲ್ಲು ಬಚ್ಚಿಟ್ಟಿದ್ದಾಳೇನೋ ಅಂತ.

ಒಂದು ದಿನ ನಲ್ಲಿ ಹತ್ತಿರ ಗಂಗಕ್ಕ ಕೇಳಿಯೇಬಿಟ್ಟಳು: "ಏನ್ರಿ ಸುಶೀಲಕ್ಕ, ನಮ್ಮ ಬಚ್ಚಲಾಗೆ ಏನು ಕಳಕಂಡೀರಿ? ದಿನಾ ಇಣುಕ್ತೀರಿ!"

"ಕಳಕಂಡೋರು ನಾವಲ್ಲ ಬಿಡ್ರಿ, ಸರ್ಕಾರದೋರು," ಅಂದಳು ಅಮ್ಮ.

ಮರುದಿನ ಮಧ್ಯಾಹ್ನ ಅಪ್ಪ ಕೆಂಪು ಬಾವುಟ ಹಿಡಿದು ಓಡುವುದು ಕಂಡಿತು. ಪ್ಯಾಸೆಂಜರ್ ಗಾಡಿ ಕಿರುಚಿಕೊಂಡು ನಿಂತಿತು. ಮುಂದೆ, ತಿರುವಿನಲ್ಲಿ, ಹಳಿ ಸೊಟ್ಟಗೆ ಪಕ್ಕಕ್ಕೆ ಸರಿದಿತ್ತು. ಚೌಡಮ್ಮ ತಾಯಿ ದೊಡ್ಡವಳು, ಒಬ್ಬರಿಗೂ ಗೀರು ಕೂಡ ಆಗಲಿಲ್ಲ.

ಗ್ಯಾಂಗಿನವರು ಹಳಿ ನೆಟ್ಟಗೆ ಮಾಡಿದರು. ಒತ್ತು ಕೊಡಲು ಜಲ್ಲಿ ಸಾಲದು. "ಎಲ್ಲಿ ಹೋತಲೇ ಜಲ್ಲಿ?" ಅಂತ ಮೇಸ್ತ್ರಿ ಅಪ್ಪನ ಮೇಲೆ ಎಗರಾಡಿದ.

"ಅವರನ್ನ್ಯಾಕೆ ಬೈತೀರಿ?" ಗಂಗಕ್ಕ ಲೈನಿನ ಪಕ್ಕದ ಚೌಡಮ್ಮ ದೇವಿಯ ಕಟ್ಟೆಯತ್ತ ಕೈ ತೋರಿಸಿದಳು. "ಅಲ್ಲಿ ನೋಡ್ರಿ."

ಗಂಡ ಹಳಿಗೆ ಹೋದ ಮೇಲೆ, ಸುಖವಾಗಿ ಮರಳಲೆಂದು, ಅವನು ತುಳಿದ ಜಾಗದ ಕಲ್ಲು ತಂದು ಚೌಡಮ್ಮನ ಪಾದಕ್ಕಿಡುವುದು ಕ್ವಾಟ್ರಸ್ಸಿನ ಹೆಂಗಸರ ನೇಮ. ಆ ವರ್ಷದ ಬಿಸಿಲಿಗೆ ಹೆದರಿ, ಒಂದು ಕಲ್ಲಿಡುವವರು ಉಡಿ ತುಂಬ ಇಟ್ಟಿದ್ದರು. ಅರಿಶಿನ ಕುಂಕುಮ ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಜಲ್ಲಿಯಾಗಿ ಕಂಡಿರಲಿಲ್ಲ, ಅಪ್ಪನಿಗೂ.

ಅಮ್ಮನ ಮುಖ ಬಿಳಿಚಿತು. "ನಾನು ವಾರಕ್ಕೊಂದೇ ಉಡಿ ಕಣ್ರಿ ಇಟ್ಟಿದ್ದು."

"ನಾನೂ ಒಂದೇ. ಎಲ್ಲಾರೂ ಒಂದೊಂದೇ," ಅಂದಳು ಗಂಗಕ್ಕ. ದೇವರ ಕಲ್ಲು ಮುಟ್ಟಲು ಗಂಡಸರು ಹಿಂಜರಿದರು. ಅವಳೇ ಬುಟ್ಟಿ ತಂದು ತುಂಬಿದಳು. "ನಿನ್ನ ಮಕ್ಕಳ ಕಾಲಡಿಗೇ ಹೋಗ್ತವೆ ತಾಯಿ, ಸಿಟ್ಟಾಗಬ್ಯಾಡ." ಹಿಂದೆಯೇ ಅಮ್ಮ, ಉಳಿದವರು. ಹಳಿ ಮಗ್ಗುಲೆಲ್ಲ ಅರಿಶಿನವಾಯಿತು. ಅಪ್ಪನ ಕೆಲಸ ಉಳಿಯಿತು.

ಬಚ್ಚಲಿನ ಕಲ್ಲು ಗಂಗಕ್ಕನ ತಮ್ಮ ಊರಿಂದ ಗಾಡಿಯಲ್ಲಿ ತಂದುಕೊಟ್ಟದ್ದಂತೆ. ತಪ್ಪಾಯ್ತು ಅನ್ನಲು ಅಮ್ಮ ನಾಳೆ, ನಾಡಿದ್ದು ಅಂದಳು. ಮಳೆಗಾಲಕ್ಕೆ ಮುಂಚೆ ಗಂಗಕ್ಕನ ಮನೆಯವರಿಗೆ ವರ್ಗವಾಯಿತು, ಆ ಮಾತು ಹಾಗೇ ಉಳಿಯಿತು.

ಈಗ ನಾನು ಹೊನ್ನಾಳಿಯಲ್ಲಿದ್ದೇನೆ. ಓಣಿಯಲ್ಲಿ ಅನುಮಾನ ಬಂದರೆ ಜನ ಬಾಗಿಲ ಮೇಲೆ ಕ್ಯಾಮೆರಾ ಹಾಕಿಸುತ್ತಾರೆ, ಎದುರು ನಿಂತು ಕೇಳುವವರಿಲ್ಲ. ಕೇಳಿದರೆ ತಾನೇ ಜಗಳ, ಜಗಳವಾದರೆ ತಾನೇ ರಾಜಿ? ಅಮ್ಮ ಹೋಗಿ ವರ್ಷಗಳಾದವು. ಗಂಗಕ್ಕ ಇದ್ದಾಳೋ ಇಲ್ಲವೋ ತಿಳಿಯದು. ಸಂಜೆ ದೀಪ ಹಚ್ಚುವಾಗ ಅಮ್ಮನ ಜೊತೆ ಅವಳ ಹೆಸರೂ ಹೇಳಿಕೊಳ್ಳುತ್ತೇನೆ.