ತಿನ್ನಬಹುದಾದ್ದರ ಪಟ್ಟಿ

2018ರಲ್ಲಿ ನಾನು ಗುರುವಾಯನಕೆರೆಯ ಒಂದು ದಂತ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದೆ. ಪಿಯುಸಿ ಮುಗಿಸಿ ಸೇರಿದವಳಿಗೆ ಅದು ಹನ್ನೆರಡನೆಯ ವರ್ಷ. ಬಂಟ್ವಾಳ ತಾಲೂಕಿನ ಪುಂಜಾಲಕಟ್ಟೆಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಬಾಗಿಲು ತೆರೆಯುವುದು, ಉಪಕರಣ ಕುದಿಸಿಡುವುದು, ಡಾಕ್ಟರ ಪಕ್ಕ ನಿಂತು ಕೇಳಿದ್ದನ್ನು ಕೈಗೆ ಕೊಡುವುದು, ರೋಗಿಗಳಿಗೆ ಸೂಚನೆ ಹೇಳುವುದು ನನ್ನ ಕೆಲಸ. ಡಾಕ್ಟರ್ ಸುಮತಿ ಮೇಡಂ ಹಲ್ಲು ಸಾಲು ಮಾಡುವ ತಜ್ಞೆ. ವಾರದಲ್ಲಿ ನಾಲ್ಕು ದಿನ ಗುರುವಾಯನಕೆರೆ, ಎರಡು ದಿನ ಮೂಡಬಿದಿರೆ.

ಮೇಡಂ ತೀರಿಕೊಂಡು ಈಗ ಏಳು ತಿಂಗಳಾಯಿತು. ಅವರ ಬಗ್ಗೆ ಏನಾದರೂ ಬರೆ ಎಂದು ಕೆಲವರು ಹೇಳಿದರು. ಅವರನ್ನು ನಾನು ತಿಳಿದದ್ದು ಕೆಲಸದ ಜೊತೆಗೇ. ಆದ್ದರಿಂದ ಒಂದು ಕೇಸಿನ ವಿಷಯ ಬರೆಯುತ್ತೇನೆ. ಅದರಲ್ಲಿ ತಪ್ಪು ಮಾಡಿದವಳು ನಾನು.

ರಕ್ಷಿತಾ ಚಾರ್ಮಾಡಿ ಕಡೆಯ ಹುಡುಗಿ, ಒಂಬತ್ತನೆಯ ತರಗತಿ. ಕೋರೆಹಲ್ಲುಗಳಿಗೆ ಜಾಗ ಸಾಲದೆ ಎರಡೂ ಮೇಲೆ ನಿಂತು ತುಟಿಗೆ ತಾಗುತ್ತಿದ್ದವು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮೇಡಂ ಮೇಲೆ ಎರಡು, ಕೆಳಗೆ ಎರಡು ಹಲ್ಲು ತೆಗೆದು ಜಾಗ ಮಾಡಿ, ಏಪ್ರಿಲಿನಲ್ಲಿ ಬ್ರೇಸಸ್ ಹಾಕಿದರು. ನಮ್ಮ ಕಡೆ ಎಲ್ಲರೂ ಅದಕ್ಕೆ ಕ್ಲಿಪ್ ಎನ್ನುತ್ತಾರೆ. ಪ್ರತಿ ಹಲ್ಲಿಗೂ ಬ್ರಾಕೆಟ್ ಎಂಬ ಸಣ್ಣ ಲೋಹದ ತುಂಡು ಅಂಟಿಸಿ, ಅದರ ಮೂಲಕ ತಂತಿ ಹಾಯಿಸಿ, ತಿಂಗಳಿಗೊಮ್ಮೆ ಬಿಗಿ ಮಾಡುತ್ತಾರೆ. ಎರಡು ವರ್ಷದ ಚಿಕಿತ್ಸೆ. ಗಟ್ಟಿಯಾದದ್ದನ್ನು ಕಚ್ಚಿದರೆ ಬ್ರಾಕೆಟ್ ಕಿತ್ತು ಬರುತ್ತದೆ, ಅಂಟುವುದನ್ನು ಜಗಿದರೆ ತಂತಿ ಬಾಗುತ್ತದೆ.

ಅದಕ್ಕಾಗಿ ಒಂದು ಸೂಚನೆಯ ಹಾಳೆ ಕೊಡುತ್ತಿದ್ದೆವು. ಮೊದಲು ಇಂಗ್ಲಿಷಿನಲ್ಲಿತ್ತು. ಪಿಜ್ಜಾದ ಅಂಚು, ಐಸ್ ತುಂಡು ಎಂದೆಲ್ಲ ಇದ್ದದ್ದನ್ನು ನಾನೇ ಕನ್ನಡಕ್ಕೆ ತಂದು, ನಮ್ಮ ಊರಿನ ತಿಂಡಿಗಳನ್ನು ಸೇರಿಸಿದ್ದೆ. ಚಕ್ಕುಲಿ, ಕೋಡುಬಳೆ, ನೆಲಗಡಲೆ ಉಂಡೆ, ಹಲಸಿನ ಹಪ್ಪಳ, ಕಬ್ಬು, ಅಕ್ಕಿಯ ಗರಿಗರಿ ಕೋರಿರೊಟ್ಟಿ. ಒಟ್ಟು ಇಪ್ಪತ್ತೆರಡು ಸಾಲು, ಎಲ್ಲದರ ಮುಂದೆ ‘ತಿನ್ನಬಾರದು’. ಆ ಹಾಳೆಯ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ಕ್ಲಿಪ್ ಹಾಕಿದ ದಿನ ರಕ್ಷಿತಾಳ ಜೊತೆ ಅವಳ ಅಜ್ಜಿ ಬಂದಿದ್ದರು. ಹಾಳೆಯನ್ನು ಓದಿ ಹೇಳಿದೆ. “ನೋವು ಉಂಟು, ಗಂಜಿ ಕೊಡಿ” ಎಂದೂ ಹೇಳಿದೆ. ಎರಡು ದಿನ ಮಾತ್ರ ಎಂದು ಹೇಳಿದೆನೋ ಇಲ್ಲವೋ, ಇಂದಿಗೂ ನೆನಪಿಲ್ಲ. ಹಿಂದೆ ಹದಿನಾರು ಜನ ಕಾಯುತ್ತಿದ್ದರು.

ಕೃಷ್ಣಾಷ್ಟಮಿಗೆ ಎಂಟು ದಿನ ಇರುವಾಗ ಹುಡುಗಿ ತಾಯಿಯ ಜೊತೆ ಬಂದಳು. ತಿಂಗಳು ತಿಂಗಳು ಬರುತ್ತಿದ್ದವಳು ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದದ್ದನ್ನು ನಾವು ಅದುವರೆಗೆ ಗಮನಿಸಿರಲಿಲ್ಲ. ಅವಳು ಕುರ್ಚಿಯಲ್ಲಿ ಒರಗುತ್ತಲೇ ಮೇಡಂ ಕೈಗವಸು ತೆಗೆದರು.

“ಪುಷ್ಪಾ, ಇವಳನ್ನು ಪಕ್ಕದ ಮೆಡಿಕಲ್‌ನ ತೂಕದ ಮೆಷಿನಿನ ಮೇಲೆ ನಿಲ್ಲಿಸಿ ಬಾ.”

ಹಲ್ಲು ಕೀಳುವ ಮೊದಲು ಕಾರ್ಡಿನಲ್ಲಿ ಬರೆದ ತೂಕ ನಲವತ್ತೆರಡು ಕಿಲೊ. ಈಗ ಮೂವತ್ತಾರು.

ತಾಯಿ ತಲೆ ತಗ್ಗಿಸಿ ಹೇಳಿದರು, “ಅವಳು ಐದು ತಿಂಗಳಿಂದ ಗಂಜಿಯಲ್ಲೇ ಇದ್ದಾಳೆ ಮೇಡಂ. ಅಷ್ಟಮಿ ಕಳೆದ ಮೇಲೆ ಕ್ಲಿಪ್ ತೆಗೆಸುವ ಅಂತ ಅತ್ತೆ ಹೇಳಿದ್ದಾರೆ.”

ಆಗ ವಿಷಯ ತಿಳಿಯಿತು. ಆ ಅತ್ತೆ, ರಕ್ಷಿತಾಳ ಅಜ್ಜಿ ಕಮಲಜ್ಜಿ, ಊರಿನಲ್ಲಿ ಕಾಮಾಲೆಗೆ ನಾಟಿ ಮದ್ದು ಕೊಡುವವರು. ಆ ಮದ್ದಿಗೆ ಇಪ್ಪತ್ತೊಂದು ದಿನ ಪಥ್ಯ. ಮದ್ದು ಕೊಡುವವರು ಏನನ್ನು ತಿನ್ನಬಹುದು ಎಂದು ಬಾಯಿಬಿಟ್ಟು ಹೇಳುತ್ತಾರೋ ಅಷ್ಟನ್ನೇ ತಿನ್ನಬೇಕು, ಉಳಿದದ್ದನ್ನು ಮುಟ್ಟಬಾರದು. ನಲವತ್ತು ವರ್ಷ ಅವರು ಹಾಗೆಯೇ ನಡೆಸಿದ್ದರು. ನಾನು ತಿನ್ನಬಹುದೆಂದು ಹೇಳಿದ ವಸ್ತು ಒಂದೇ, ಗಂಜಿ. ನಡುವೆ ಒಮ್ಮೆ ಹುಡುಗಿ ಚಿಕ್ಕಮ್ಮನ ಮನೆಯಲ್ಲಿ ಕದ್ದು ನೆಲಗಡಲೆ ಉಂಡೆ ಕಚ್ಚಿ ಬ್ರಾಕೆಟ್ ಕಿತ್ತುಕೊಂಡಿದ್ದಳು. ಅಜ್ಜಿಯ ಮಾತೇ ನಿಜವಾಯಿತು. ಆಮೇಲೆ ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ.

ಈಗ ಕ್ಲಿಪ್ ತೆಗೆದರೆ ಹುಡುಗಿಯ ಸ್ಥಿತಿ ಮೊದಲಿಗಿಂತ ಕಷ್ಟ. ಕಿತ್ತ ನಾಲ್ಕು ಹಲ್ಲುಗಳ ಜಾಗ ಇನ್ನೂ ಮುಚ್ಚಿರಲಿಲ್ಲ, ಕೋರೆಹಲ್ಲು ಅರ್ಧ ದಾರಿಯಲ್ಲಿತ್ತು. ಮನೆಯವರು ತೆಗೆಯಿರಿ ಎಂದರೆ ತೆಗೆಯದೆ ಇರುವಂತೆಯೂ ಇಲ್ಲ.

ಅವರು ಹೋದ ಮೇಲೆ ನಾನು ಹಾಳೆಯನ್ನು ಮೇಡಂ ಮುಂದೆ ಇಟ್ಟು, “ಇದು ನನ್ನಿಂದ ಆದದ್ದು” ಎಂದೆ. ಅವರು ಇಪ್ಪತ್ತೆರಡು ಸಾಲನ್ನೂ ಓದಿದರು.

“ಇದನ್ನು ನಾನೂ ಓದಿ ಸರಿ ಉಂಟು ಅಂದಿದ್ದೆ. ಮೊಸರುಕುಡಿಕೆ ದಿನ ಹೇಗೂ ಕ್ಲಿನಿಕ್ ರಜೆ. ಅಲ್ಲಿಗೆ ಹೋಗುವ.”

ಅಷ್ಟಮಿಯ ಮರುದಿನ ಮೊಸರುಕುಡಿಕೆ, ಗಡಿಗೆ ಒಡೆಯುವ ಹಬ್ಬ. ಬೆಳಿಗ್ಗೆ ಹತ್ತೂವರೆಗೆ ನಾವು ಅವರ ಮನೆಯಲ್ಲಿದ್ದೆವು. ರಕ್ಷಿತಾ ಚಾವಡಿಯಲ್ಲಿ ಕೂತು ಪುಸ್ತಕ ಹಿಡಿದಿದ್ದಳು. ಒಳಗಿನಿಂದ ಮೂಡೆ, ಅಂದರೆ ಎಲೆಯ ಕೊಟ್ಟೆಯಲ್ಲಿ ಹೊಯ್ದ ಇಡ್ಲಿ, ಬೇಯುವ ಪರಿಮಳ ಬರುತ್ತಿತ್ತು. ಅವಳು ಪುಟ ತಿರುಗಿಸುತ್ತಿರಲಿಲ್ಲ.

ಕಮಲಜ್ಜಿ ಹೊರಗೆ ಬಂದರು. ಅವರು ಆಡುವುದು ತುಳು, ನಾನು ಕನ್ನಡದಲ್ಲಿ ಬರೆಯುತ್ತೇನೆ.

“ಬಾಯಿಗೆ ಬೇಲಿ ಹಾಕಿದವರು ನೀವು. ಇನ್ನು ಹುಲ್ಲು ತಿಂತದಾ ಇಲ್ಲವಾ ಅಂತ ನೋಡ್ಲಿಕ್ಕೆ ಬಂದದ್ದಾ?”

ನನಗೆ ನೆಲ ನೋಡುವಂತಾಯಿತು. ಮೇಡಂ ನಕ್ಕುಬಿಟ್ಟರು.

“ಬೇಲಿ ದಾಟ್ಲಿಕ್ಕೆ ತಡಮೆ ಇಡುವುದು ಮರೆತದ್ದು, ಅಮ್ಮ. ಅದಕ್ಕೇ ಬಂದೆವು.”

“ಕಾಮಾಲೆಗೆ ಇಪ್ಪತ್ತೊಂದು ದಿನ ನನ್ನ ಪಥ್ಯ. ನಿಮ್ಮದು ಎರಡು ವರ್ಷ ಅಂತೆ. ಅಷ್ಟರಲ್ಲಿ ಹಲ್ಲು ಸಾಲಾಗಬಹುದು, ಮಗು ಉಳಿಯಬೇಕಲ್ಲ?”

ಮೇಡಂ ಜಗಲಿಯಲ್ಲಿ ಅವರ ಪಕ್ಕವೇ ಕುಳಿತರು. “ನಿಮ್ಮ ಮದ್ದಿನ ಪಥ್ಯ ನೀವು ಹೇಳ್ತೀರಿ. ನನ್ನ ಮದ್ದಿನದ್ದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನೀವು ಮಾಡಿದ್ದರಲ್ಲಿ ತಪ್ಪಿಲ್ಲ, ತಪ್ಪು ನನ್ನದು.”

ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಜ್ಜಿ, “ಹಾಗಾದರೆ ಈಗ ಹೇಳಿ” ಎಂದರು.

ಹಬ್ಬದ ತಿಂಡಿಗಳೆಲ್ಲ ಚಾಪೆಯ ಮೇಲೆ ಬಂದವು. ಮೇಡಂ ಒಂದೊಂದನ್ನೇ ಮುಟ್ಟಿ ಹೇಳಿದರು. ಮೂಡೆ ಆಗಬಹುದು. ಕೆಸುವಿನೆಲೆಯ ಪತ್ರೊಡೆ ಆಗಬಹುದು. ಹೆಸರುಹಿಟ್ಟಿನ ಲಾಡು ಪುಡಿಮಾಡಿ ಆಗಬಹುದು. ಪಾಯಸ ಧಾರಾಳ ಆಗಬಹುದು, ಕೇಳುವುದೇ ಬೇಡ. ಚಕ್ಕುಲಿಯ ಹತ್ತಿರ ಬಂದಾಗ ನಿಂತರು.

“ಇದು ಕಷ್ಟ.”

“ಇದರಲ್ಲಿ ಕಷ್ಟ ಎಂಥದ್ದು?” ಎಂದು ಅಜ್ಜಿ ಬಾಯಿ ತೆರೆದು ತೋರಿಸಿದರು. ಕೆಳಗೆ ಮೂರು ಹಲ್ಲು, ಮೇಲೆ ಒಂದೂ ಇಲ್ಲ. “ಹದಿನೈದು ವರ್ಷದಿಂದ ನಾನು ಅಷ್ಟಮಿ ಮಾಡ್ತಾ ಇಲ್ಲವಾ?”

ವೀಳ್ಯ ಕುಟ್ಟುವ ಸಣ್ಣ ಕಬ್ಬಿಣದ ಕುಟ್ಟಾಣಿ ತಂದು, ಚಕ್ಕುಲಿ ಮುರಿದು ಹಾಕಿ ನಾಲ್ಕು ಸಲ ಕುಟ್ಟಿದರು. ಬಟ್ಟಲಿಗೆ ಸುರಿದು ಮೇಲಿನಿಂದ ಬಿಸಿ ಹಾಲು ಹೊಯ್ದರು. ಎರಡು ಬೆರಳಲ್ಲಿ ಒತ್ತಿ ನೋಡಿದರು. “ಬೆರಳಿಗೆ ಬಗ್ಗಿದರೆ ಬಾಯಿಗೆ ಆಯಿತು. ಹಲ್ಲಿನ ಹಂಗೇ ಇಲ್ಲ.”

ರಕ್ಷಿತಾ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದಳು. “ಅಜ್ಜೀ, ಅಡಿಕೆ ವಾಸನೆ!”

“ಬರಲಿ ಮಾರಾಯ್ತಿ. ನಿನ್ನ ಅಜ್ಜ ಈ ವಾಸನೆಗೇ ನನ್ನನ್ನು ಮೆಚ್ಚಿದ್ದು.”

ಹುಡುಗಿ ನಕ್ಕಳು. ತಾಯಿ ಬಿಸಿ ಮೂಡೆಯ ಎಲೆ ಬಿಡಿಸಿ ತಟ್ಟೆಗೆ ಹಾಕಿದರು. ಅವಳು ಒಂದರ ಹಿಂದೊಂದು ನಾಲ್ಕು ತಿಂದಳು. ಅಜ್ಜಿ ಒಂದೂ ತಿನ್ನದೆ ಅವಳನ್ನೇ ನೋಡುತ್ತಿದ್ದರು. ನಂತರ ಸೆರಗಿನಿಂದ ಕಣ್ಣೊರೆಸಿಕೊಂಡು, “ನಾನೇ ಮಗುವನ್ನು ಸೊರಗಿಸಿದೆ” ಎಂದರು. ಮೇಡಂ ಅವರ ಕೈ ಹಿಡಿದುಕೊಂಡರು.

ಕ್ಲಿಪ್ ತೆಗೆಸುವ ಮಾತು ಮತ್ತೆ ಬರಲಿಲ್ಲ. ಮುಂದಿನ ತಿಂಗಳು ಹುಡುಗಿ ಮೂವತ್ತೆಂಟು ಕಿಲೊ, ದೀಪಾವಳಿ ಕಳೆದಾಗ ನಲವತ್ತೊಂದು. ಚಿಕಿತ್ಸೆ ಇಪ್ಪತ್ತಮೂರು ತಿಂಗಳಲ್ಲಿ ಮುಗಿಯಿತು. ಈಗ ಅವಳು ನರ್ಸಿಂಗ್ ಓದುತ್ತಿದ್ದಾಳೆ.

ಹಾಳೆಯನ್ನು ಹೊಸದಾಗಿ ಬರೆದೆವು. ಮೊದಲು ‘ತಿನ್ನಬಹುದು’, ಮೂವತ್ತೊಂದು ಸಾಲು. ಅದರಲ್ಲಿ ಹೆಚ್ಚಿನವು ಕಮಲಜ್ಜಿ ಹೇಳಿದವು, ಮಾಡುವ ಕ್ರಮ ಸಮೇತ. ‘ತಿನ್ನಬಾರದು’ ಎಂಬುದು ಹಿಂಬದಿಗೆ ಹೋಯಿತು. ಮೂಡಬಿದಿರೆಯ ಕ್ಲಿನಿಕ್ಕಿಗೂ ಅದನ್ನೇ ಕೊಟ್ಟೆವು. ಪುತ್ತಿಗೆಯಿಂದ ಬರುತ್ತಿದ್ದ ಒಬ್ಬ ಹೆಂಗಸು, “ಇದು ಡಾಕ್ಟರರ ಚೀಟಿಯಾ, ಮದುವೆ ಊಟದ ಪಟ್ಟಿಯಾ?” ಎಂದು ಕೇಳಿದ್ದರು.

ಬೇಡ ಎಂದು ಹೇಳುವುದು ಸುಲಭ. ಹೇಳಿದವರ ಜವಾಬ್ದಾರಿ ಅಲ್ಲಿಗೆ ಮುಗಿದಂತೆ ಕಾಣುತ್ತದೆ. ಆಗಬಹುದು ಎಂದು ಹೇಳಬೇಕಾದರೆ ಅವರ ಮನೆಯ ಒಲೆಯ ಮೇಲೆ ಏನಿದೆ ಎಂದು ತಿಳಿದಿರಬೇಕು. ಇದನ್ನು ಕಲಿಸಿದ್ದು ಆ ಕೆಲಸ, ಮತ್ತು ನನ್ನ ತಪ್ಪನ್ನು ತಮ್ಮದೆಂದು ಒಪ್ಪಿಕೊಂಡ ಮೇಡಂ.

ಕಳೆದ ವರ್ಷ ಅವರ ಕಿಡ್ನಿ ಸೋತಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧ ಮಾಡುವುದು. ಆಸ್ಪತ್ರೆಯಲ್ಲಿ ಒಂದು ಕಾಗದ ಕೊಟ್ಟರು. ಎಳನೀರು ಬೇಡ, ಬಾಳೆಹಣ್ಣು ಬೇಡ, ಉಪ್ಪಿನಕಾಯಿ ಬೇಡ, ನೀರು ಅಳೆದು. ಮೇಡಂ ಓದಿ ಮಡಚಿ ದಿಂಬಿನ ಕೆಳಗಿಟ್ಟು, “ಊಟ ಸೇರುವುದಿಲ್ಲ ಪುಷ್ಪಾ” ಎಂದರು. ನಾನು ಪೆನ್ನು ತೆಗೆದುಕೊಂಡು ಆಹಾರ ತಜ್ಞೆಯ ಕೋಣೆಗೆ ಹೋದೆ.

“ಯಾವುದು ಬೇಡ ಅಂತ ಗೊತ್ತಾಯಿತು. ಅವರು ಏನು ತಿನ್ನಬಹುದು, ಒಂದೊಂದಾಗಿ ಹೇಳಿ. ನಾನು ಬರೆದುಕೊಳ್ತೇನೆ.”

ಆ ತಜ್ಞೆ ಕೈಯಲ್ಲಿದ್ದ ಕೆಲಸ ಬದಿಗಿಟ್ಟು ನನ್ನ ಜೊತೆ ಕುಳಿತಳು. ಹದಿನಾಲ್ಕು ಸಾಲು ಆಯಿತು. ಮರುದಿನ ಬೆಳಿಗ್ಗೆ ಉಪ್ಪು ಹಾಕದ ನೀರುದೋಸೆ ಹೊಯ್ದು, ಮೇಲೆ ಸ್ವಲ್ಪ ಸಕ್ಕರೆ ಉದುರಿಸಿ, ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಮೇಡಂ ಎರಡು ತಿಂದರು. ಆಮೇಲೆ ಡಬ್ಬಿಯೊಳಗೆ ಇಣುಕಿ ನೋಡಿ, ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದರು.