ಮಧ್ಯಾಹ್ನದ ಉಚ್ಚೆ ಕೇಳುವ ಖಾತುನಬಿ

ಬೆಳಕು ಹರಿಯುವ ಹೊತ್ತಿಗೆ ಖಾತುನಬಿ ಕುಂದಗೋಳ ಸೀಮೆಯ ಒಂದು ದವಾಖಾನೆಯ ಹಿತ್ತಲಲ್ಲಿ ಟಾನಿಕ್ಕಿನ ಖಾಲಿ ಶೀಸೆಗಳನ್ನು ಕುದಿಸುತ್ತಿದ್ದಾಳೆ. ಪತ್ರಿಕೆಯಲ್ಲಿ ಊರ ಹೆಸರು ಬರೆದರೆ ಅವಳ ನೌಕರಿಗೆ ಕುತ್ತು, ಬರೆಯುವುದಿಲ್ಲ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಆಯಾ ಆಗಿ ಸೇರಿದವಳು, ಹದಿನಾಲ್ಕು ವರ್ಷವಾಯಿತು. ಮಲೇರಿಯಾ ರಕ್ತ ನೋಡಲು ಬಂದ ಸೂಕ್ಷ್ಮದರ್ಶಕದಲ್ಲಿ ಉಚ್ಚೆಯ ಹರಳು ಗುರುತಿಸುವುದನ್ನು ಹಿಂದಿದ್ದ ಕಂಪೌಂಡರ್ ಕಲಿಸಿದ್ದ. ದಿನಕ್ಕೆ ಇಪ್ಪತ್ತು ಶೀಸೆ ನೋಡುತ್ತಾಳೆ. ರಜಿಸ್ಟರಿನಲ್ಲಿ ಅವಳ ಹೆಸರಿಲ್ಲ.

ಇವತ್ತು ಮೊದಲು ಬಂದವಳು ಮೆಣಸಿನಕಾಯಿ ಹೊಲದ ಕೂಲಿ ದುರಗವ್ವ. ಬೆನ್ನಿನಿಂದ ತೊಡೆಸಂದಿಗೆ ಇಳಿಯುವ ನೋವು. ಇದು ಮೂರನೆಯ ಸಲ. ಎರಡು ಸಲವೂ ಡಾಕ್ಟರು "ಏನೂ ಇಲ್ಲ, ಕೆಲಸ ತಪ್ಪಿಸೋ ನೆಪ" ಎಂದು ಗುಳಿಗೆ ಕೊಟ್ಟು ಅಟ್ಟಿದ್ದಾರೆ. ಅವರ ಚೀಟಿ ಇಲ್ಲದೆ ಪಟ್ಟಣದಲ್ಲಿ ಎಕ್ಸರೇ ಆಗುವುದಿಲ್ಲ.

ದುರಗವ್ವ ತಂದ ಉಚ್ಚೆಯ ಶೀಸೆಯನ್ನು ಖಾತುನಬಿ ಎತ್ತಿ ಹಿಡಿಯುತ್ತಾಳೆ. ನೀರಿನಷ್ಟು ತಿಳಿ.

"ಬೀಗರ ಮನಿಗಿ ಹೊಂಟೀಯೇನ ಬೇ, ಇಷ್ಟು ತೊಳದು ತಂದೀದಿ?"

"ಹಳದಿ ಇದ್ರ ನಾಚಿಕಿ ಬರ್ತೈತಿ ಅಕ್ಕಾ. ನಸಿಕಿನ್ಯಾಗ ಎರಡು ತಂಬಗಿ ನೀರು ಕುಡದೇನಿ."

"ಮತ್ತ ಹೊಲದಾಗ?"

"ಹೊಲದಾಗ ಹನಿ ಮುಟ್ಟಂಗಿಲ್ಲ. ಕುಡದ್ರ ಎಲ್ಲಿ ಹೋಗಿ ಕುಂದ್ರೂಣು? ಒಡ್ಡಿನ ಮ್ಯಾಲೆ ಮೇಸ್ತ್ರಿ ನಿಂತಿರ್ತಾನ."

ಖಾತುನಬಿಗೆ ಮೈ ಉರಿಯುತ್ತದೆ. ಇಲ್ಲಿ ಹೆಂಗಸರೆಲ್ಲ ಮಾಡುವ ತಪ್ಪೇ ಇದು.

"ಉಚ್ಚಿಯೊಳಗ ಉಪ್ಪು ಕರಗಿರ್ತೈತ್ರಿ," ಎನ್ನುತ್ತಾಳೆ ನಮ್ಮ ಕಡೆ ತಿರುಗಿ. "ನೀರು ಸಾಲದಿದ್ರ ಹರಳಾಗಿ ಕೂಡ್ತೈತಿ, ಹರಳಿಗೆ ಹರಳು ಅಂಟಿ ಕಲ್ಲು. ಹುಳಿ ಜಾಸ್ತಿ ಇದ್ರ ನೀಲಿ ಕಾಗದ ಕೆಂಪಾಗ್ತೈತಿ, ಆವಾಗ ಒಂದು ನಮೂನಿ ಹರಳು. ಹುಳಿ ಇಲ್ಲದಿದ್ರ ಬ್ಯಾರೆ ನಮೂನಿ. ತಂಬಗಿಗಟ್ಲೆ ನೀರು ಕುಡದು ಬಂದ್ರ ಏನೂ ಕಾಣಂಗಿಲ್ಲ. ಡಾಕ್ಟರ್ ಸಾಹೇಬ್ರು ಅದನ್ನs ನಂಬ್ತಾರ. ಹೊಲದಾಗಿನ ಮಧ್ಯಾಹ್ನದ ಉಚ್ಚಿ ನೋಡಬೇಕ್ರಿ."

ಮಧ್ಯಾಹ್ನ ಒಂದಕ್ಕೆ ಕುದಿಸಿದ ಶೀಸೆ ಹಿಡಿದು ತಾನೇ ಹೊಲಕ್ಕೆ ಹೋಗುತ್ತಾಳೆ. ಸೆರಗು ಹರಡಿ ದುರಗವ್ವನಿಗೆ ಮರೆಯಾಗಿ ನಿಲ್ಲುತ್ತಾಳೆ.

"ಏನ ನಡದೈತಿ ಅಲ್ಲಿ?" ಮೇಸ್ತ್ರಿ ಕೂಗುತ್ತಾನೆ.

"ನಿನ್ನ ಕಣ್ಣಿಗೆ ಔಷಧ ತಯಾರಿ ನಡದೈತಿ. ಬಾ, ಹಾಕತೇನಿ."

ಶೀಸೆಯಲ್ಲಿ ಕಡುಹಳದಿ. ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲಕೋಟೆಯ ಬೆನ್ನಿನಂಥ ಹರಳುಗಳು ಕಿಕ್ಕಿರಿದಿವೆ, ನಡುನಡುವೆ ರಕ್ತದ ಕಣ. ಡಾಕ್ಟರು ಬಗ್ಗಿ ನೋಡುತ್ತಾರೆ, ಚೀಟಿ ಬರೆಯುತ್ತಾರೆ. ನೆಪದ ಮಾತು ಎತ್ತುವುದೇ ಇಲ್ಲ. ದುರಗವ್ವ ಸಂಜೆಯ ಬಸ್ಸಿಗೆ ಹೊರಡುತ್ತಾಳೆ.

ಫೋಟೊ ಕೇಳಿದರೆ ಖಾತುನಬಿ ಕೈಯಾಡಿಸುತ್ತಾಳೆ.

"ನನ್ನ ಫೋಟೊ ಬ್ಯಾಡ್ರಿ. ಹೊಲದ ಮಾಲಕರು ನಿಮ್ಮ ಪೇಪರ ಓದ್ತಾರಲ್ರಿ? ನಾಕು ಗೋಣಿಚೀಲ ಕಟ್ಟಿ ಹೆಂಗಸ್ರಿಗೆ ಕುಂದ್ರಾಕ ಒಂದು ಮರೆ ಮಾಡ್ರಿ ಅಂತ ಬರೀರಿ. ಚೀಲಕ್ಕೂ ಗತಿ ಇಲ್ಲಂದ್ರ ನಾ ಕೊಡ್ತೇನಿ."